ಬೋರ್ಡು ಹೋದರೆ ಬರಹವೂ ಹೋಗಬೇಕೇ?

ಕನ್ನಡ ಮತ್ತು ಕಂಪ್ಯೂಟರ್ ಕುರಿತು ನಮ್ಮಲ್ಲಿ ನಡೆದ ಚರ್ಚೆ ಹೆಚ್ಚಾಗಿ ಕೀಲಿಮಣೆಯ ಸುತ್ತಲೇ ಸುತ್ತಿತು. ಯಾವ ವಿನ್ಯಾಸ ಸರಿ, ಯಾರ ಅಕ್ಷರ ಚೆಂದ, ಸರಕಾರ ಯಾವ ತಂತ್ರಾಂಶವನ್ನು ಒಪ್ಪಬೇಕು ಎಂದು ವಿದ್ವಾಂಸರು ವರ್ಷಗಟ್ಟಲೆ ವಾದಿಸಿದರು. ಹೀಗೆ ಬರೆದದ್ದು ಯಾವುದನ್ನು ನೆಚ್ಚಿಕೊಂಡು ಉಳಿಯುತ್ತದೆ ಎಂದು ಕೇಳಿದವರು ಕಡಿಮೆ. ಅರಸೀಕೆರೆ, ಬೇಲೂರು, ಹಳೇಬೀಡಿನಂಥ ಊರಿನ ಡಿಟಿಪಿ ಅಂಗಡಿಯಲ್ಲಿ ಹಳೆಯ ಕಂಪ್ಯೂಟರಿನ ಮದರ್‌ಬೋರ್ಡು ಕೈಕೊಟ್ಟ ದಿನ ಆ ಪ್ರಶ್ನೆ ತಾನಾಗಿಯೇ ಎದುರು ಬಂದು ನಿಲ್ಲುತ್ತದೆ.

ಬೋರ್ಡು ಸಾಯುವ ಬಗೆ ಬಹಳ ಸಾಧಾರಣವಾದದ್ದು. ಪ್ರೊಸೆಸರಿನ ಪಕ್ಕ ಸಾಲಾಗಿ ನಿಂತ ಕೆಪಾಸಿಟರುಗಳ ತಲೆ ಉಬ್ಬಿ, ಕಂದು ರಸ ಒಸರುತ್ತದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ತಯಾರಾದ ಬೋರ್ಡುಗಳಿಗೆ ಇದು ಜಗತ್ತಿನಾದ್ಯಂತ ಬಂದ ರೋಗ. ಡೆಲ್ ಕಂಪನಿ 2005ರಲ್ಲಿ ಇಂಥ ಯಂತ್ರಗಳ ದುರಸ್ತಿಗೆಂದೇ 30 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಬೆಸುಗೆಯ ಕೈ ಪಳಗಿದ ಮೆಕ್ಯಾನಿಕ್ ಸಿಕ್ಕರೆ ಅಲ್ಪ ಖರ್ಚಿನಲ್ಲಿ ಮುಗಿಯುವ ಕೆಲಸ. ಸಿಗದಿದ್ದರೆ ಬೇರೆ ಬೋರ್ಡು ಹಾಕಬೇಕು. ಆಗ ಒಂದನ್ನೆಳೆದರೆ ಇನ್ನೊಂದು ಬರುತ್ತದೆ: ಹಳೆಯ ಪ್ರೊಸೆಸರು ಹೊಸ ಸಾಕೆಟ್ಟಿನಲ್ಲಿ ಕೂರುವುದಿಲ್ಲ, ಡಿಡಿಆರ್2 ರ‍್ಯಾಮಿಗೆ ಸ್ಲಾಟ್ ಇಲ್ಲ, ಅಗಲ ಪಟ್ಟಿಯ ಕೇಬಲ್ಲಿನ ಹಾರ್ಡ್‌ಡಿಸ್ಕ್ ಸಿಕ್ಕಿಸಲು ಜಾಗವಿಲ್ಲ. ಡಿಸ್ಕ್ ಹೇಗೋ ಸಿಕ್ಕಿಸಿದರೂ ಅದರೊಳಗಿನ ವಿಂಡೋಸ್ ಎಕ್ಸ್‌ಪಿ ಅಪರಿಚಿತ ಬೋರ್ಡನ್ನು ಕಂಡು ನೀಲಿ ಪರದೆ ತೋರಿಸಿ ನಿಂತುಬಿಡಬಹುದು. "ಹೊಸದೇ ತಗೊಳ್ಳಿ ಭಾಯ್" ಎಂದು ಮೆಕ್ಯಾನಿಕ್ ಹೇಳಿದರೆ ಅವನು ಸುಳ್ಳು ಹೇಳುತ್ತಿಲ್ಲ. ಎಕ್ಸ್‌ಪಿಗೆ ಕಂಪನಿಯ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ.

ಆದರೆ ಅಂಗಡಿಯವನ ಸಂಕಟ ಯಂತ್ರದ್ದಲ್ಲ, ಬರಹದ್ದು. ನಮ್ಮ ಮದುವೆಯ ಕಾಗದಗಳನ್ನೇ ನೋಡಿ. ಒಂದು ಮಗ್ಗುಲು ಉರ್ದು, ಇನ್ನೊಂದು ಮಗ್ಗುಲು ಕನ್ನಡ. ಉರ್ದು ಭಾಗ ಇನ್‌ಪೇಜ್‌ನಲ್ಲಿ, ಕನ್ನಡ ಭಾಗ ನುಡಿ ಅಥವಾ ಶ್ರೀಲಿಪಿಯಲ್ಲಿ. 1981ರಲ್ಲಿ ಲಾಹೋರಿನ ಜಂಗ್ ಪತ್ರಿಕೆ ಮಿರ್ಜಾ ಅಹಮದ್ ಜಮೀಲರ ನೂರಿ ನಸ್ತಾಲೀಖ್ ಅಕ್ಷರಗಳನ್ನು ಬಳಸುವವರೆಗೆ ಉರ್ದು ಪತ್ರಿಕೆಗಳು ಕಾತಿಬರ ಕೈಬರಹವನ್ನೇ ನಂಬಿದ್ದವು. 1994ರಲ್ಲಿ ದೆಹಲಿಯ ಕಂಪನಿಯೊಂದು ತಂದ ಇನ್‌ಪೇಜ್ ಆ ನಸ್ತಾಲೀಖನ್ನು ಸಣ್ಣ ಊರುಗಳ ಮೇಜಿಗೂ ತಂದಿತು. ಈ ಉಪಕಾರವನ್ನು ಮರೆಯಬಾರದು. ಆದರೆ ಹಣ ಕೊಟ್ಟು ಕೊಂಡವನಿಗೆ ಜೊತೆಯಲ್ಲೊಂದು ಬೀಗವೂ ಬಂತು, ಡಾಂಗಲ್ ಎಂಬ ಬೆರಳುದ್ದದ ಬೀಗ. ಹಳೆಯ ಬೀಗಗಳು ಸಿಕ್ಕುತ್ತಿದ್ದುದು ಪ್ರಿಂಟರಿನ 25 ಪಿನ್ನಿನ ಪ್ಯಾರಲಲ್ ಪೋರ್ಟಿಗೆ. ಈಗಿನ ಬೋರ್ಡುಗಳಲ್ಲಿ ಬಹುಪಾಲು ಆ ಪೋರ್ಟೇ ಇಲ್ಲ. ಕಳ್ಳ ಪ್ರತಿ ಬಳಸಿದವನಿಗೆ ಈ ತೊಂದರೆಯಿಲ್ಲ ಎಂಬುದು ಬೇರೆ ಮಾತು, ನಗುವ ಮಾತೂ ಹೌದು.

ಕನ್ನಡಕ್ಕೆ ಬೀಗವಿಲ್ಲದ ದಾರಿ ಇತ್ತು. ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತವಾಗಿತ್ತು, ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸ ಅದರಲ್ಲಿತ್ತು. ತೊಡಕು ಬೇರೆ ಕಡೆಯಿತ್ತು. ಹಳೆಯ ನುಡಿ ಕಡತದಲ್ಲಿ ನಿಜವಾಗಿ ಇರುವುದು ಕನ್ನಡವಲ್ಲ, ಯುರೋಪಿನ ಲಿಪಿಯ ಸಂಕೇತಗಳು. ಫಾಂಟ್ ಅವಕ್ಕೆ ಕನ್ನಡದ ವೇಷ ತೊಡಿಸುತ್ತದೆ. ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ಕವಿತೆಯೂ ಲಗ್ನಪತ್ರಿಕೆಯೂ ಒಂದೇ ರೀತಿಯ ಗೊಬ್ಬರ. ಯುನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ಥಾನ ಕೊಟ್ಟಿತ್ತು. 2001ರ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಕೂಡ ಇತ್ತು. ಹಾಗಾದರೆ ಡಿಟಿಪಿ ಹುಡುಗ ಅದನ್ನೇಕೆ ಬಳಸಲಿಲ್ಲ ಎಂದು ಗದರುವವರಿದ್ದಾರೆ. ಪುಟ ಕಟ್ಟುವ ಪೇಜ್‌ಮೇಕರಿಗೆ ಕನ್ನಡದ ಯುನಿಕೋಡ್ ಅರ್ಥವಾಗುತ್ತಲೇ ಇರಲಿಲ್ಲ ಎಂಬುದನ್ನು ಅವರು ತಿಳಿಯಬೇಕು. ಅವನು ಪ್ರೆಸ್ಸಿಗೆ ಹೋಗಬೇಕಾದ ಪುಟವನ್ನು ಸಂಜೆಯೊಳಗೆ ಮುಗಿಸಬೇಕಿತ್ತು.

ನನ್ನ ದೂರು ಇರುವುದು ನಮ್ಮಂಥ ಬರೆಯುವವರ ಮೇಲೆ. ಪುಸ್ತಕ ಅಚ್ಚಾದ ಮೇಲೆ ಕಡತ ಅಂಗಡಿಯವನದು ಎಂದು ಬಿಟ್ಟುಬಿಟ್ಟೆವು. ಎರಡನೇ ಮುದ್ರಣಕ್ಕೆ ಹೋದಾಗ ಪುಸ್ತಕವನ್ನು ಮತ್ತೆ ಮೊದಲಿನಿಂದ ಟೈಪು ಮಾಡಿಸಿದೆವು, ಹಳೆಯ ತಪ್ಪುಗಳ ಜೊತೆಗೆ ಹೊಸ ತಪ್ಪುಗಳನ್ನು ಪಡೆದೆವು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ದಾಸೋಜ, ಚಾವಣ ಎಂಬ ಶಿಲ್ಪಿಗಳು ಕೆತ್ತಿಟ್ಟ ಹೆಸರುಗಳನ್ನು ಲಿಪಿ ಬಲ್ಲವರು ಇಂದಿಗೂ ಓದುತ್ತಾರೆ. ಓದಲು ಅವರ ಉಳಿಯೇನೂ ಬೇಕಿಲ್ಲ. ನಮ್ಮ 20 ವರ್ಷದ ಹಿಂದಿನ ಕಥಾಸಂಕಲನದ ಕಡತ ತೆರೆಯಲು ಮಾತ್ರ ಅದೇ ಉಳಿ, ಅದೇ ಬೀಗ ಬೇಕು.

ಬೋರ್ಡು ಹೋದರೂ ಡಿಸ್ಕ್ ಸಾಮಾನ್ಯವಾಗಿ ಬದುಕಿರುತ್ತದೆ. ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಡಿಸ್ಕ್ ಬಿಚ್ಚಿ, ಯುಎಸ್‌ಬಿ ಅಡಾಪ್ಟರಿನಿಂದ ಕಡತಗಳನ್ನೂ ಫಾಂಟುಗಳನ್ನೂ ನಕಲು ಮಾಡಿಕೊಳ್ಳಬೇಕು. ನುಡಿಯಿಂದಲೂ ಇನ್‌ಪೇಜ್‌ನಿಂದಲೂ ಯುನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಒತ್ತಕ್ಷರಗಳನ್ನು ಮತ್ತೊಮ್ಮೆ ಕಣ್ಣಿಟ್ಟು ತಿದ್ದಬೇಕಷ್ಟೆ. ಪುಸ್ತಕಕ್ಕೆ ಸಹಾಯಧನ ಕೊಡುವ ಅಕಾಡೆಮಿಗಳು ಮುದ್ರಿತ ಪ್ರತಿಯ ಜೊತೆ ಯುನಿಕೋಡ್ ಕಡತವನ್ನೂ ಕೇಳಿ ಇಟ್ಟುಕೊಳ್ಳಬಹುದು, ಅದಕ್ಕೇನೂ ದೊಡ್ಡ ಕಟ್ಟಡ ಬೇಡ. ವಿಂಡೋಸ್ 10ರ ಉಚಿತ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುಂದಿನ ವಿಂಡೋಸ್ ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಅರಸೀಕೆರೆಯ ಅಂಗಡಿಗಳಲ್ಲಿ ಇನ್ನೊಂದು ಸುತ್ತು ಬೋರ್ಡು ಬದಲಾಗುವ ಕಾಲ ಬಂದಿದೆ. ಹಳೆಯ ಡಿಸ್ಕುಗಳು ಇನ್ನೂ ಅಲ್ಲೇ ಇವೆ.