ಜಿನುಗುವ ಎಣ್ಣೆಯ ಮೂಲಶೋಧ

ಎರೆನೆಲದ ಸೀಮೆಯಾದ ನಮ್ಮ ಕನ್ನೊಳ್ಳಿಯಲ್ಲಿ ಹಳೆಯ ಜೀಪೊಂದನ್ನು ಅಕ್ಕರೆಯಿಂದ ಇರಿಸಿಕೊಂಡವರು ಯಾರೇ ಆಗಲಿ, ಅದರ ಅಡಿಯಲ್ಲಿ ನೆಲದ ಮೇಲೆ ಮೂಡಿದ ಎಣ್ಣೆಯ ಕಲೆಯನ್ನು ತೋರಿಸಿದೊಡನೆ, ‘ಹಳೀ ಗಾಡಿ, ಸೋರೂದ ಅದರ ಗುಣ’ ಎಂಬ ಸಮಾಧಾನವನ್ನು ಮಿಸ್ತ್ರಿಗಳಿಂದ ಕೇಳಿಯೇ ಇರುತ್ತಾರೆ. ಈ ಸಮಾಧಾನವನ್ನು ನಾನು ಒಪ್ಪುವವನಲ್ಲ. 1947ರಲ್ಲಿ ಮಹೀಂದ್ರ ಸಂಸ್ಥೆಯು ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದಂದಿನಿಂದ ಈ ದೇಶದ ಹಳ್ಳಕೊಳ್ಳಗಳನ್ನು ದಾಟುತ್ತ ಬಂದ ಈ ಯಂತ್ರಕುಲದಲ್ಲಿ, ವಿಶೇಷವಾಗಿ 1953ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಎತ್ತರದ ಬಾನೆಟ್ಟಿನ ಸಿ.ಜೆ. 3ಬಿ ಮಾದರಿಯಲ್ಲಿ, ಹೊರಬೀಳುವ ಪ್ರತಿಯೊಂದು ಹನಿಗೂ ಒಂದು ನಿಶ್ಚಿತ ದ್ವಾರವುಂಟು. ಆ ದ್ವಾರವನ್ನು ಅರಿಯದೆ ಕೈಗೊಂಡ ದುರಸ್ತಿ ದ್ರವ್ಯನಾಶಕ್ಕಲ್ಲದೆ ಬೇರಾವುದಕ್ಕೂ ಒದಗದು.

ಎಣ್ಣೆ ತೊಟ್ಟಿಕ್ಕುವ ಸ್ಥಳವೇ ಸೋರುವ ಸ್ಥಳವೆಂದು ಬಗೆಯುವುದು ಮೊದಲನೆಯ ಭ್ರಾಂತಿ. ಓಡುವ ಗಾಡಿಯ ಕೆಳಗೆ ಬೀಸುವ ಗಾಳಿ ಎಣ್ಣೆಯನ್ನು ಹಿಂದಕ್ಕೆ ಒಯ್ಯುತ್ತದೆ, ಅದರ ಭಾರವೇ ಅದನ್ನು ಕೆಳಕ್ಕೆಳೆಯುತ್ತದೆ. ಆದಕಾರಣ ಮೂಲವು ಬಹುಮಟ್ಟಿಗೆ ಕಲೆಗಿಂತ ಮೇಲೆಯೂ ಮುಂದೆಯೂ ಇರುವುದೆಂದು ತಿಳಿಯತಕ್ಕದ್ದು. ಸಾಲದುದಕ್ಕೆ ನಮ್ಮ ಎರೆಮಣ್ಣು ಎಣ್ಣೆಯೊಡನೆ ಕಲೆತು ಗೇರ್ ಬಾಕ್ಸಿನ ಮೈಗೆ ಬೆರಳುದಪ್ಪ ಮೆತ್ತಿಕೊಂಡು, ಹೊಸ ಸೋರಿಕೆಯನ್ನೂ ಹಳೆಯ ಜಿಡ್ಡನ್ನೂ ಒಂದೇ ಬಣ್ಣಕ್ಕೆ ತಿರುಗಿಸಿಬಿಡುತ್ತದೆ. ಆದ್ದರಿಂದ ಪಾನಾ ಕೈಗೆತ್ತಿಕೊಳ್ಳುವ ಮುನ್ನ, ತಗಡಿನ ತುಂಡಿನಿಂದ ಆ ಮಣ್ಣನ್ನು ಕೆರೆದು, ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್ಷಿನಿಂದ ತೊಳೆದು, ಒಣಬಟ್ಟೆಯಿಂದ ಒರೆಸಿ, ಶುಭ್ರವಾದ ಲೋಹದ ಮೇಲೆ ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಸವರಿ, ಒಳಗಣ ಎಣ್ಣೆ ಕಾದು ಸಡಿಲಾಗುವಷ್ಟು ದೂರ ಡಾಂಬರು ರಸ್ತೆಯಲ್ಲಿ ಮೆಲ್ಲನೆ ಓಡಿಸಿ ಬರಬೇಕು. ಬಳಿಕ ಬ್ಯಾಟರಿ ಹಿಡಿದು ನೋಡಿದರೆ, ಆ ಬಿಳುಪಿನಲ್ಲಿ ಕೂದಲೆಳೆಯಷ್ಟು ಸಣ್ಣನೆಯ ಕಂದು ಗೆರೆಯೊಂದು ಇಳಿದಿರುತ್ತದೆ. ಅದರ ಮೇಲ್ತುದಿಯೇ ನಾವು ಅರಸುವ ದ್ವಾರ.

ಗೆರೆಯು ಕ್ಲಚ್ಚನ್ನು ಆವರಿಸಿರುವ ಬೆಲ್ ಹೌಸಿಂಗಿನ ತಳದ ತೂತಿನಿಂದ ಹೊರಟಿದ್ದರೆ ಮೂಗು ಬೆರಳುಗಳ ಸಾಕ್ಷ್ಯವನ್ನು ಪಡೆಯಬೇಕಾಗುತ್ತದೆ. ತೆಳ್ಳಗೆ, ಕರ್ರಗೆ ಇದ್ದರೆ ಅದು ಎಂಜಿನ್ನಿನ ಹಿಂಬದಿಯಿಂದ ಬಂದ ಎಣ್ಣೆ. ಅಂಟಂಟಾಗಿ, ಗಂಧಕದ ಕಟುವಾಸನೆಯಿಂದ ಕೂಡಿದ್ದರೆ ಗೇರ್ ಬಾಕ್ಸಿನ ಮುಂಭಾಗದಿಂದ ಇಳಿದ 90 ನಂಬರಿನ ಗೇರ್ ಆಯಿಲ್. ಎರಡರಲ್ಲಿ ಯಾವುದೇ ಆಗಲಿ, ಕ್ಲಚ್ ಪ್ಲೇಟನ್ನು ಮುಟ್ಟಿದರೆ ಅದು ಜಾರತೊಡಗುವುದರಿಂದ ಇಲ್ಲಿ ವಿಳಂಬ ಸಲ್ಲದು.

ಇದಕ್ಕಿಂತ ಗಹನವಾದದ್ದು ಟ್ರಾನ್ಸ್‌ಫರ್ ಕೇಸಿನ ಪ್ರಕರಣ. ನಾಲ್ಕೂ ಗಾಲಿಗಳಿಗೆ ಶಕ್ತಿಯನ್ನು ಹಂಚುವ ಈ ಪೆಟ್ಟಿಗೆ ಗೇರ್ ಬಾಕ್ಸಿನ ಬೆನ್ನಿಗೇ ಬಿಗಿದುಕೊಂಡಿದೆ. ನಡುವಣ ತಡೆ ಸವೆದಾಗ ಗೇರ್ ಬಾಕ್ಸಿನ ಎಣ್ಣೆಯು ಒಳಗಿಂದೊಳಗೇ ಇತ್ತ ಸರಿದು, ಅಲ್ಲಿ ಕೊರತೆಯನ್ನೂ ಇಲ್ಲಿ ಅತಿರೇಕವನ್ನೂ ಉಂಟುಮಾಡಿ, ದೋಷವಿಲ್ಲದ ಹಿಂದಣ ಸೀಲಿನ ಮೂಲಕವೂ ಹೊರಚೆಲ್ಲುವುದುಂಟು. ಹ್ಯಾಂಡ್ ಬ್ರೇಕಿನ ಡ್ರಮ್ಮು ಈ ಜೀಪಿನಲ್ಲಿ ಆ ಸೀಲಿನ ಹಿಂದೆಯೇ ಇರುವುದರಿಂದ, ಲೈನಿಂಗು ಎಣ್ಣೆ ಕುಡಿದು, ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿ ಜಾರುವುದೇ ಎಷ್ಟೋ ವೇಳೆ ಸೋರಿಕೆಯ ಪ್ರಥಮ ಸೂಚನೆಯಾಗುತ್ತದೆ. ಎರಡೂ ಪೆಟ್ಟಿಗೆಗಳ ಲೆವೆಲ್ ಪ್ಲಗ್ಗುಗಳನ್ನು ಬಿಚ್ಚಿ ಪರೀಕ್ಷಿಸದೆ ಸೀಲಿಗೆ ಕೈಹಾಕತಕ್ಕದ್ದಲ್ಲ.

ಸೀಲನ್ನೇ ಬದಲಾಯಿಸಬೇಕಾಗಿ ಬಂದರೆ, ಶಾಫ್ಟಿನ ತುದಿಗೆ ಕೂಡಿಸಿದ ಯೋಕಿನಲ್ಲಿ ಅದರ ರಬ್ಬರು ತುಟಿ ಉಜ್ಜುವ ನಯವಾದ ಮೈಮೇಲೆ ಉಗುರನ್ನು ಅಡ್ಡಲಾಗಿ ಎಳೆದು ನೋಡಬೇಕು. ಮಣ್ಣಿನ ಕಣಗಳು ವರ್ಷಾನುಗಟ್ಟಲೆ ತೇಯ್ದು ಕೊರೆದ ಸುತ್ತುಗೆರೆಗೆ ಉಗುರು ಸಿಕ್ಕಿತೆಂದರೆ, ಎಂಥ ಹೊಸ ಸೀಲೂ ಅಲ್ಲಿ ಎಣ್ಣೆಯನ್ನು ತಡೆಯಲಾರದು; ಯೋಕನ್ನು ಬದಲಿಸಬೇಕು, ಇಲ್ಲವೆ ಅದಕ್ಕೆ ತೆಳುವಾದ ಉಕ್ಕಿನ ಸ್ಲೀವ್ ತೊಡಿಸಬೇಕು. ಬೇರಿಂಗ್ ಸಡಿಲಾಗಿ ಶಾಫ್ಟು ಅಲುಗುತ್ತಿದ್ದರೆ ಶಿಮ್ಮುಗಳಿಂದ ಅದನ್ನೂ ಸರಿಪಡಿಸಬೇಕು. ಹಾಕಿದ ಸೀಲು ಆರು ತಿಂಗಳೂ ಬಾಳಲಿಲ್ಲವೆಂಬ ದೂರು ಹೆಚ್ಚಾಗಿ ಈ ಪರೀಕ್ಷೆಯ ಅಭಾವದಿಂದಲೇ ಹುಟ್ಟಿದ್ದು.

ಸೋರಿದಷ್ಟನ್ನು ತುಂಬಿದರಾಯಿತೆಂದು ನೆಮ್ಮದಿಯಾಗಿರುವವರೂ ಇದ್ದಾರೆ. ಆದರೆ ತುಂಬುವುದನ್ನು ಒಂದು ಸಲ ಮರೆತು, ಎಣ್ಣೆ ಕಾಣದ ಹಲ್ಲುಗಳು ತಿಂದುಹೋದರೆ, ಅಂಥ ಗೇರುಗಳನ್ನು ಇಂದು ಹುಡುಕಿ ತರುವ ಪ್ರಯಾಸ ಸಾಮಾನ್ಯವಾದುದಲ್ಲ. ಜೋಳದ ರಾಶಿಯ ಕಾಲಕ್ಕೆ ಗಾಡಿ ಸಿದ್ಧವಿರಬೇಕೆನ್ನುವವರು ಅದಕ್ಕೆ ಮೊದಲೇ ಒಂದು ದಿನವನ್ನು ಈ ಶೋಧಕ್ಕೆ ಮೀಸಲಿಡಲಿ. ಆ ದಿನದ ಬಹುಭಾಗ ತೊಳೆಯುವುದರಲ್ಲಿಯೂ ನೋಡುವುದರಲ್ಲಿಯೂ ಸಲ್ಲಲಿ, ಬಿಚ್ಚುವ ಕೆಲಸ ಕಡೆಗಿರಲಿ.