ಊರು ಬಿಟ್ಟ ರೋಬೋಗಳು

ವಿಡಿಯೋ ಗೇಮಿನ ಬಗ್ಗೆ ವಿಮರ್ಶೆ ಬರೆಯುತ್ತೇನೆಂದರೆ ನಮ್ಮ ಕಡೆಯ ಸಾಹಿತ್ಯಾಭಿಮಾನಿಗಳು ಮೂಗು ಮುರಿಯುತ್ತಾರೆ, ಬಲ್ಲೆ. ಅದರಲ್ಲೂ ಎಂ.ಕಾಂ. ಓದಿ, ಆಯುಷ್ಯವೆಲ್ಲ ಬ್ಯಾಂಕಿನಲ್ಲಿ ಲೆಡ್ಜರು, ಲೋನು, ಆಡಿಟ್ ಎಂದು ಕಳೆದು ಪುಣೆಯಲ್ಲಿ ಪೆನ್ಶನ್ ತಿನ್ನುತ್ತಿರುವ ಮುದುಕ ಬರೆದರೆ ಕೇಳುವುದೇ ಬೇಡ. ಆದರೆ ಪರಊರಿನ ಬದುಕಿನ ಬಗ್ಗೆ ನಾನು ಓದಿದ ಕಥೆ, ನೋಡಿದ ಸಿನಿಮಾಗಳ ಸಾಲಿನಲ್ಲೇ ಇಟ್ಟು ಮಾತಾಡಬೇಕಾದ ಆಟವೊಂದಿದೆ. ಅದರ ಹೆಸರು ‘ಟ್ರಾನ್ಸ್‌ಫಾರ್ಮರ್ಸ್: ಫಾಲ್ ಆಫ್ ಸೈಬರ್‌ಟ್ರಾನ್’. ಅಮೆರಿಕದ ಹೈ ಮೂನ್ ಸ್ಟುಡಿಯೋಸ್ ತಯಾರಿಸಿ, ಆಕ್ಟಿವಿಷನ್ ಕಂಪನಿ 2012ರ ಆಗಸ್ಟಿನಲ್ಲಿ ಬಿಡುಗಡೆ ಮಾಡಿದ ಆಟ. 2010ರಲ್ಲಿ ಬಂದ ‘ವಾರ್ ಫಾರ್ ಸೈಬರ್‌ಟ್ರಾನ್’ನ ಮುಂದುವರಿದ ಭಾಗ.

ಟ್ರಾನ್ಸ್‌ಫಾರ್ಮರ್ಸ್ ಅಂದರೆ ಲಾರಿ, ಕಾರು, ವಿಮಾನಗಳಾಗಿ ರೂಪ ಬದಲಿಸುವ ರೋಬೋಗಳು. 1984ರಲ್ಲಿ ಆಟಿಕೆಯಾಗಿ, ಕಾರ್ಟೂನಾಗಿ ಶುರುವಾದವು. 2007ರ ಹಾಲಿವುಡ್ ಸಿನಿಮಾದಿಂದ ನಮ್ಮ ಮನೆಮನೆಗೂ ಬಂದವು. ಆಟೊಬಾಟ್ ಮತ್ತು ಡಿಸೆಪ್ಟಿಕಾನ್ ಎಂದು ಎರಡು ಪಂಗಡ. ಒಂದಕ್ಕೆ ಆಪ್ಟಿಮಸ್ ಪ್ರೈಮ್ ನಾಯಕ, ಇನ್ನೊಂದಕ್ಕೆ ಮೆಗಾಟ್ರಾನ್. ಸಿನಿಮಾದಲ್ಲಿ ಇವರು ಭೂಮಿಗೆ ಬಂದು ನಮ್ಮ ಊರುಗಳನ್ನು ಹಾಳುಮಾಡುತ್ತಾರೆ. ಈ ಆಟಗಳು ನಡೆಯುವುದು ಅದಕ್ಕೂ ಮೊದಲು, ಅವರ ಸ್ವಂತ ಗ್ರಹ ಸೈಬರ್‌ಟ್ರಾನಿನಲ್ಲಿ. ಇಲ್ಲಿ ಮನುಷ್ಯನೇ ಇಲ್ಲ. ಇರುವುದು ಊರು ಮತ್ತು ಊರವರು.

ಮೊದಲ ಆಟದ ಕೊನೆಗೆ ಗ್ರಹದ ಹೃದಯವೇ ಕೆಟ್ಟುಹೋಗಿರುತ್ತದೆ. ತನ್ನನ್ನು ತಾನು ಸರಿಪಡಿಸಿಕೊಳ್ಳಲು ಅದು ಲಕ್ಷಾಂತರ ವರ್ಷ ಮುಚ್ಚಿಕೊಳ್ಳಬೇಕು, ಅಲ್ಲಿಯವರೆಗೆ ಅಲ್ಲಿ ಯಾರೂ ಬದುಕುವಂತಿಲ್ಲ. ಎರಡನೆಯ ಆಟ ಅಲ್ಲಿಂದ ಮುಂದಿನ ಕಥೆ. ಆಟೊಬಾಟುಗಳು ‘ಆರ್ಕ್’ ಎಂಬ ಹಡಗಿನಲ್ಲಿ ಊರು ಬಿಡಬೇಕು, ಹಡಗಿಗೆ ಎನರ್‌ಜಾನ್ ಎಂಬ ಇಂಧನ ಬೇಕು, ಆ ಇಂಧನವೇ ಗ್ರಹದಲ್ಲಿ ತೀರುತ್ತ ಬಂದಿದೆ. ಇದ್ದಷ್ಟನ್ನು ಒಂದು ಪಂಗಡ ಸಾಗಿಸುತ್ತದೆ, ಇನ್ನೊಂದು ತಡೆಯುತ್ತದೆ. ತಡೆಯುವ ಗಲಾಟೆಯಲ್ಲಿ ಐವರು ಡಿಸೆಪ್ಟಿಕಾನುಗಳು ಕೂಡಿ ಬ್ರೂಟಿಕಸ್ ಎಂಬ ಒಂದೇ ದೈತ್ಯನಾಗುತ್ತಾರೆ. ಆ ದೈತ್ಯನನ್ನು ನಾವೇ ನಡೆಸುವ ಅಧ್ಯಾಯವಿದೆ. ಎದುರು ಬಂದದ್ದನ್ನೆಲ್ಲ ಪುಡಿಮಾಡುವ ಖುಷಿಯೇ ಖುಷಿ.

ಲೆಕ್ಕಪತ್ರದವನ ಕಣ್ಣಿಗೆ ಇದು ಬಂಡವಾಳ ತಿಂದ ಸಂಸ್ಥೆಯ ಕಥೆ. ಲಾಭ ನಿಂತ ಮೇಲೂ ಪಾಲುದಾರರು ಅಸಲಿಗೇ ಕೈಹಾಕಿ ಒಬ್ಬರ ಮೇಲೊಬ್ಬರು ದಾವೆ ಹೂಡಿದ ಹಾಗೆ. ನಮ್ಮ ಗದಗಿನ ಕಡೆ ನನ್ನ ಊರಲ್ಲಿ ಇಬ್ಬರು ಅಣ್ಣತಮ್ಮಂದಿರು ಒಂದು ಬಾವಿಗಾಗಿ ಹದಿನೆಂಟು ವರ್ಷ ಕೋರ್ಟಿಗೆ ಅಲೆದರು. ಈಗ ಒಬ್ಬ ಗೋವಾದಲ್ಲಿ ಗಾರೆ ಕೆಲಸಕ್ಕಿದ್ದಾನೆ, ಇನ್ನೊಬ್ಬ ಇಲ್ಲೇ ಪುಣೆಯ ಹಡಪ್ಸರದಲ್ಲಿ ವಾಚ್‌ಮನ್. ಬಾವಿಯಲ್ಲಿ ನೀರಿಲ್ಲ. ವಾಚ್‌ಮನ್ ತಮ್ಮ ನನ್ನ ಮುಂದೆ ಒಮ್ಮೆ, ‘ಯಾರು ಗೆದ್ದರು ಅಂತ ಕೇಳಬ್ಯಾಡ್ರಿ ಸಾಹೇಬ್ರ’ ಅಂದಿದ್ದ. ಈ ಆಟದ ಕೊನೆಯೂ ಅದನ್ನೇ ಹೇಳುತ್ತದೆ. ಕೊನೆಯ ಕಾಳಗದಲ್ಲಿ ಆಪ್ಟಿಮಸ್ ಆಗಬೇಕೋ ಮೆಗಾಟ್ರಾನ್ ಆಗಬೇಕೋ ಎಂದು ಆಟಗಾರನನ್ನೇ ಕೇಳುತ್ತಾರೆ. ಯಾರನ್ನು ಆರಿಸಿದರೂ ಎರಡೂ ಹಡಗುಗಳು ಅದೇ ಸುಳಿಯೊಳಗೆ ಎಳೆದುಕೊಂಡು ಹೋಗುತ್ತವೆ. ಊರು ಇಬ್ಬರಿಗೂ ಇಲ್ಲ.

ಮುಂದುವರಿದ ಭಾಗ ಮೊದಲನೆಯದಕ್ಕಿಂತ ಮೇಲೆ ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ. ಮೊದಲ ಆಟದಲ್ಲಿ ಡಿಸೆಪ್ಟಿಕಾನರದೊಂದು ಕಥೆ, ಆಟೊಬಾಟರದೊಂದು ಕಥೆ, ಬೇರೆಬೇರೆ ಇದ್ದವು. ಇಲ್ಲಿ ಹದಿಮೂರು ಅಧ್ಯಾಯಗಳ ಒಂದೇ ಕಥೆ, ಪಾತ್ರ ಮಾತ್ರ ಬದಲಾಗುತ್ತ ಹೋಗುತ್ತದೆ. ನಿನ್ನೆ ಯಾರ ಇಂಧನ ಕಾಯುತ್ತಿದ್ದೆವೋ ಇಂದು ಅವರದನ್ನೇ ದೋಚುತ್ತೇವೆ. ಕ್ಲಿಫ್‌ಜಂಪರ್ ಆದಾಗ ಕಣ್ಮರೆಯಾಗಿ ನುಸುಳಬೇಕು, ಜಾಝ್ ಆದಾಗ ಹಗ್ಗದ ಕೊಕ್ಕೆ ಎಸೆದು ಹಾರಬೇಕು. ಆಡುವ ರೀತಿಯೇ ಬದಲಾಗುವುದರಿಂದ ಬೇಸರಕ್ಕೆ ಜಾಗವಿಲ್ಲ. ಆಪ್ಟಿಮಸ್‌ಗೆ 1984ರ ಕಾರ್ಟೂನಿನ ಪೀಟರ್ ಕಲೆನ್ ಅವರದೇ ಧ್ವನಿ. ಆ ಧ್ವನಿಯಲ್ಲಿ ಮನೆಯ ಹಿರಿಯನ ಭಾರವಿದೆ.

ಎರಡು ಪಾತ್ರಗಳನ್ನು ಬಿಡದೆ ಹೇಳಬೇಕು. ಮೊದಲನೆಯದು ಮೆಟ್ರೋಪ್ಲೆಕ್ಸ್. ಅದು ಒಂದು ನಗರದಷ್ಟು ದೊಡ್ಡ ರೋಬೋ. ಆಪ್ಟಿಮಸ್ ಕರೆದಾಗ ನೆಲವೇ ಎದ್ದು ನಿಂತು ಓಗೊಡುತ್ತದೆ. ಊರೇ ನಮ್ಮ ಕೂಗಿಗೆ ಎದ್ದು ಬಂದರೆ ಹೇಗಿರುತ್ತದೆ? ಊರು ಬಿಟ್ಟವರೆಲ್ಲ ಕಾಣುವ ಕನಸು ಅದು. ಎರಡನೆಯದು ಗ್ರಿಮ್‌ಲಾಕ್. ಶಾಕ್‌ವೇವ್ ಎಂಬ ವಿಜ್ಞಾನಿ ಅವನನ್ನು ಹಿಡಿದು, ದೂರದ ಗ್ರಹವೊಂದರ ಪ್ರಾಣಿಯ ರೂಪಕ್ಕೆ ಅವನ ಮೈಯನ್ನು ಬದಲಿಸಿಬಿಡುತ್ತಾನೆ. ಮೊದಲು ಸರಿಯಾಗಿದ್ದ ಗ್ರಿಮ್‌ಲಾಕನ ಮಾತು ಈಗ ತಡವರಿಸುತ್ತದೆ. ಸಿಟ್ಟು ತುಂಬಿದಾಗ ಮಾತ್ರ ಅವನು ಡೈನೋಸಾರ್ ಆಗಬಲ್ಲ. ಬೆಂಕಿ ಉಗುಳುತ್ತ ನುಗ್ಗುವಾಗ ಮಜಾ ಬರುತ್ತದೆ, ನಿಜ. ಆದರೆ ಬೇರೆ ನೆಲದ ಆಕಾರ ಮೈಗೆ ಹತ್ತಿ, ಸ್ವಂತ ಮಾತು ಮುರಿದವನ ಸಿಟ್ಟು ನನಗೆ ಹೊಸದಲ್ಲ. ನಮ್ಮ ಕಾಲೊನಿಯಲ್ಲಿ ಕನ್ನಡದಲ್ಲಿ ಶುರುಮಾಡಿ, ಹಿಂದಿಯಲ್ಲಿ ಹೊರಳಿ, ಮರಾಠಿಯಲ್ಲಿ ಜಗಳ ಮುಗಿಸುವವರು ಬಹಳ ಮಂದಿ. ಮನೆಯಾಕೆ ನಗುತ್ತ, ‘ನಿಮ್ಮ ಗ್ರಿಮ್‌ಲಾಕ್ ನಮ್ಮ ಸೊಸೈಟಿ ಸೆಕ್ರೆಟರಿ ಇದ್ದಾಂಗ ಇದ್ದಾನ ನೋಡ್ರಿ’ ಅಂದಳು.

ಇಷ್ಟು ಹೊಗಳಿದ ಮೇಲೆ ಕೊರತೆಯನ್ನೂ ಹೇಳದಿದ್ದರೆ ವಿಮರ್ಶೆಯಾಗದು. ಮೊದಲನೆಯದು, ಸೈಬರ್‌ಟ್ರಾನಿನಲ್ಲಿ ಸೇತುವೆ ಇದೆ, ಕೊಳವೆ ಇದೆ, ಕಾರ್ಖಾನೆ ಇದೆ, ಮನೆ ಇಲ್ಲ. ಸೈನಿಕರನ್ನು ಬಿಟ್ಟರೆ ಬೇರೊಬ್ಬರಿಲ್ಲ. ಸಂತೆ ಇಲ್ಲ, ಕಟ್ಟೆ ಇಲ್ಲ, ಸುಮ್ಮನೆ ಕೂತ ಒಬ್ಬ ಮುದಿ ರೋಬೋ ಇಲ್ಲ. ಊರು ಬಿಡುವ ಕಥೆಗೆ ಇದು ಸಣ್ಣ ಕೊರತೆಯಲ್ಲ. ಏನನ್ನು ಬಿಟ್ಟು ಹೊರಟಿದ್ದಾರೆ ಎಂಬುದೇ ಕಾಣದಿದ್ದರೆ ಹಡಗು ಏರುವಾಗ ಹಿಂದೆ ತಿರುಗಿ ನೋಡುವುದಾದರೂ ಏನನ್ನು? ಆಪ್ಟಿಮಸ್‌ನ ಧ್ವನಿ ಆ ದುಃಖವನ್ನು ಹೊರುತ್ತದೆ, ದೃಶ್ಯ ಹೊರುವುದಿಲ್ಲ.

ಎರಡನೆಯದು ನನಗೆ ಇನ್ನೂ ಹತ್ತಿರದ್ದು. ಮೊದಲ ಆಟದ ಕಥೆಯನ್ನು ಇಂಟರ್‌ನೆಟ್ ಮೂಲಕ ಮೂವರು ಕೂಡಿ ಆಡಬಹುದಿತ್ತು. ಆಗ ಹೈದರಾಬಾದಿನ ಹಾಸ್ಟೆಲಿನಲ್ಲಿದ್ದ ನನ್ನ ಮಗ, ‘ಅಪ್ಪಾ, ಇದು ಬರೇ ಹುಡುಗರ ಆಟ ಅಲ್ಲ, ಬರ್‍ರಿ’ ಎಂದು ನನ್ನನ್ನು ಇದಕ್ಕೆ ಎಳೆದವನು. ಶನಿವಾರ ರಾತ್ರಿ ಲೈನು ಕೈಕೊಡುವವರೆಗೆ ಆಡುತ್ತಿದ್ದೆವು. ಆಟದ ನಡುವೆಯೇ ಊಟ ಆಯಿತಾ, ಪರೀಕ್ಷೆ ಯಾವಾಗ ಎಂದು ಕೇಳುತ್ತಿದ್ದೆ. ಫೋನಿನಲ್ಲಿ ಕೇಳಿದರೆ ಸಿಡುಕುತ್ತಿದ್ದವನು ಆಟದಲ್ಲಿ ಉತ್ತರ ಕೊಡುತ್ತಿದ್ದ. ಎರಡನೆಯ ಆಟದಲ್ಲಿ ಪ್ರತಿ ಅಧ್ಯಾಯವನ್ನೂ ಒಬ್ಬನೇ ಪಾತ್ರದ ಕೌಶಲಕ್ಕೆ ಹೊಲಿದದ್ದರಿಂದ ಕಥೆಯ ಭಾಗವನ್ನು ಒಬ್ಬರೇ ಆಡಬೇಕು. ಕಥೆ ಬಿಗಿಯಾಯಿತು, ಜೊತೆ ಹೋಯಿತು. ಅಲೆಅಲೆಯಾಗಿ ಬರುವ ಶತ್ರುಗಳನ್ನು ನಾಲ್ವರು ಕೂಡಿ ಎದುರಿಸುವ ‘ಎಸ್ಕಲೇಶನ್’ ವಿಭಾಗ ಇದೆ ಎಂಬುದಷ್ಟೇ ಸಮಾಧಾನ. ಆದರೆ ಅಲ್ಲಿ ಕೈಗೆ ಪುರುಸೊತ್ತಿಲ್ಲ, ಊಟದ ಮಾತು ಕೇಳಲಾಗುವುದಿಲ್ಲ.

2014ರಲ್ಲಿ ಬೇರೊಂದು ತಂಡ ಮಾಡಿದ ‘ರೈಸ್ ಆಫ್ ದಿ ಡಾರ್ಕ್ ಸ್ಪಾರ್ಕ್’ ಈ ಕಥೆಯನ್ನು ಸಿನಿಮಾದ ಕಥೆಗೆ ಗಂಟು ಹಾಕಲು ಹೋಗಿ ಎರಡನ್ನೂ ಕೆಡಿಸಿತು. ‘ಫಾಲ್ ಆಫ್ ಸೈಬರ್‌ಟ್ರಾನ್’ 2016ರಲ್ಲಿ ಹೊಸ ಯಂತ್ರಗಳಿಗೆ ಮತ್ತೊಮ್ಮೆ ಬಂತು. 2018ರ ಹೊತ್ತಿಗೆ ಇಂಟರ್‌ನೆಟ್ ಅಂಗಡಿಗಳಿಂದಲೇ ಮರೆಯಾಯಿತು. ಈಗ ಹಳೆಯ ಡಿಸ್ಕ್ ಇದ್ದವರೇ ಪುಣ್ಯವಂತರು. ನಿಮ್ಮ ಮನೆಯಲ್ಲೋ, ಬೆಂಗಳೂರಿನಲ್ಲಿರುವ ಮಕ್ಕಳ ಕಪಾಟಿನಲ್ಲೋ ಒಂದಿದ್ದರೆ ಹಳೇ ಸಾಮಾನಿನವನಿಗೆ ಹಾಕಬೇಡಿ. ಮಕ್ಕಳನ್ನೇ ಪಕ್ಕಕ್ಕೆ ಕೂಡಿಸಿಕೊಂಡು ಒಮ್ಮೆ ಆಡಿ. ಗುಂಡು ಹಾರಿಸುವುದು ಕೈಗೆ ಹತ್ತದಿದ್ದರೆ ಅವರೇ ಹಾರಿಸಲಿ, ನೀವು ಕಥೆ ನೋಡಿ. ಊರಲ್ಲೇ ಉಳಿದ ನಿಮಗೆ, ಬಿಟ್ಟು ಬಂದ ನಾವು ಹಬ್ಬಕ್ಕೆ ಬಂದಾಗ ಬಾವಿ ಇಣುಕಿ ನೋಡುವುದೇಕೆ ಎಂಬುದು ಅದರಿಂದ ಸ್ವಲ್ಪ ತಿಳಿದೀತು.