ಯಾರ ಜಗಲಿಯ ರಾಜ್ಯಶಾಸ್ತ್ರ?

ದಲಿತ ವಿಮರ್ಶೆ ಅಂದ ಕೂಡಲೇ ನಮ್ಮಲ್ಲಿ ಕತೆ, ಕವಿತೆ, ಆತ್ಮಕತೆಗಳ ಮಾತು ಶುರುವಾಗುತ್ತದೆ. ಕಾರಂತರ ಚೋಮನನ್ನು ಯಾರು ನೋಡಿದರು, ಎಲ್ಲಿ ನಿಂತು ನೋಡಿದರು ಅಂತ ಕೇಳುವುದನ್ನು ನಾವು ಚೆನ್ನಾಗಿಯೇ ಕಲಿತಿದ್ದೇವೆ. ಕೇಳಬೇಕಾದ್ದೇ. ಆದರೆ ಅದೇ ಪ್ರಶ್ನೆಯನ್ನು ರಾಜ್ಯಶಾಸ್ತ್ರದ ಪಠ್ಯಪುಸ್ತಕಕ್ಕೆ ಕೇಳುವುದಿಲ್ಲ. ನಾನು ಎಚ್‌ಇಪಿ ಓದಿದವನು. ನನ್ನ ಜೊತೆ ಹಿಂದಿನ ಬೆಂಚುಗಳಲ್ಲಿ ಕೂತು 'ರಾಜ್ಯ ಎಂದರೇನು' ಅಂತ ಬಾಯಿಪಾಠ ಮಾಡಿದವರು ಹೆಚ್ಚಿನಂಶ ಕೇರಿಯಿಂದ ಬಂದವರೇ. ಕಾದಂಬರಿ ಮುಟ್ಟದ ಹುಡುಗರನ್ನೂ ಈ ಶಾಸ್ತ್ರ ಮುಟ್ಟುತ್ತದೆ. ಹಾಗಾಗಿ ಇದನ್ನೂ ಒಂದು ಕಥನ ಅಂತಲೇ ಓದಬೇಕು ಎಂಬುದು ನನ್ನ ವಾದ.

ಈ ಶಾಸ್ತ್ರ ತನ್ನ ಹುಟ್ಟಿನ ಕತೆಯನ್ನು ಹೇಳಿಕೊಳ್ಳುವ ರೀತಿ ಒಂದಿದೆ. ಮೊದಲು ತತ್ವಚಿಂತನೆ, ಆಮೇಲೆ ಕಾನೂನು ಮತ್ತು ಸಂಸ್ಥೆಗಳ ಅಧ್ಯಯನ, ಆಮೇಲೆ ವರ್ತನಾವಾದ, ಆಮೇಲೆ ಉತ್ತರ ವರ್ತನಾವಾದ. ನೋಟ್ಸಿನಲ್ಲಿ ನಾಲ್ಕು ಮೆಟ್ಟಿಲು. ಒಂದೊಂದು ಮೆಟ್ಟಿಲು ಹತ್ತಿದ ಹಾಗೂ ಶಾಸ್ತ್ರ ಇನ್ನಷ್ಟು ವಿಜ್ಞಾನವಾಯ್ತು ಅಂತ ಮೇಷ್ಟ್ರು ಬರೆಸುತ್ತಿದ್ದರು. ಆ ಮೆಟ್ಟಿಲು ಯಾರ ಮನೆಯದು ಎಂಬುದು ಮಾತ್ರ ನೋಟ್ಸಿನಲ್ಲಿ ಇರಲಿಲ್ಲ.

ಅಮೆರಿಕದಲ್ಲಿ ಈ ವಿಷಯಕ್ಕೆ ವಿಶ್ವವಿದ್ಯಾಲಯದೊಳಗೆ ಪೀಠ ಹಾಕಿಕೊಟ್ಟವರಲ್ಲಿ ಮುಖ್ಯನಾದವನು ಜಾನ್ ಬರ್ಜೆಸ್. ಜರ್ಮನಿಯಲ್ಲಿ ಓದಿ ಬಂದು, 1880ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ರಾಜ್ಯಶಾಸ್ತ್ರದ ಶಾಲೆ ತೆರೆದವನು. ಗುಲಾಮಗಿರಿ ಅಳಿದ ಮೇಲೆ ಕರಿಯರಿಗೆ ಮತದಾನದ ಹಕ್ಕು ಕೊಟ್ಟದ್ದೇ ಪ್ರಮಾದ, ಆಳುವ ಯೋಗ್ಯತೆ ಆ ಜನಾಂಗಕ್ಕಿಲ್ಲ ಎಂದು 1902ರ ತನ್ನ ಪುಸ್ತಕದಲ್ಲಿ ವಾದಿಸಿದವನೂ ಅವನೇ. ಅವನ ಬಳಿ ಕಲಿತ ವಿಲಿಯಂ ಡನ್ನಿಂಗ್ ಇದೇ ನಿಲುವಿನ ಮೇಲೆ ಇತಿಹಾಸಕಾರರ ಒಂದು ಪಂಥವನ್ನೇ ಕಟ್ಟಿದ. ಇದೇ ಡನ್ನಿಂಗ್ ರಾಜಕೀಯ ಸಿದ್ಧಾಂತಗಳ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಬರೆದ. ಪ್ಲೇಟೊ, ಅರಿಸ್ಟಾಟಲ್ ಅಂತ ಸಾಲಾಗಿ ನಿಲ್ಲಿಸುವ ನಮ್ಮ ಸಿಲಬಸ್ಸಿನ ಹಿರೀಕರಲ್ಲಿ ಅವನೂ ಒಬ್ಬ. ಗ್ರೀಸಿನ ಪ್ರಜಾಸತ್ತೆಯನ್ನು ವಿವರಿಸುವ ಕೈಯೂ ಕರಿಯನ ಓಟು ತಪ್ಪೆಂದು ಬರೆಯುವ ಕೈಯೂ ಒಂದೇ. ಇದನ್ನು ವಸ್ತುನಿಷ್ಠತೆ ಎಂದು ಕರೆದರು. ಡುಬೊಯ್ಸ್ 1935ರಲ್ಲಿ ಪುನರ್‌ನಿರ್ಮಾಣದ ಕಾಲದ ಬಗ್ಗೆ ದೊಡ್ಡ ಪುಸ್ತಕ ಬರೆದು, ಅದರ ಕೊನೆಯ ಅಧ್ಯಾಯದಲ್ಲಿ ಬರ್ಜೆಸ್, ಡನ್ನಿಂಗ್‌ರ ಹೆಸರು ಹಿಡಿದೇ ಲೆಕ್ಕ ಕೇಳಿದರು. ನಾನು ಈ ಲೇಖನದಲ್ಲಿ ವಿಮರ್ಶೆ ಎಂದು ಕರೆಯುತ್ತಿರುವುದು ಆ ಕೆಲಸವನ್ನೇ.

ಬಾಬಾಸಾಹೇಬರು 1913ರಲ್ಲಿ ಹೋಗಿ ಸೇರಿದ್ದು ಇದೇ ಕೊಲಂಬಿಯಾದ ರಾಜ್ಯಶಾಸ್ತ್ರ ನಿಕಾಯಕ್ಕೆ. ಬರ್ಜೆಸ್ ಅದರ ಹಿಂದಿನ ವರ್ಷ ನಿವೃತ್ತನಾಗಿದ್ದ. ಡನ್ನಿಂಗ್ ಇನ್ನೂ ಪಾಠ ಮಾಡುತ್ತಿದ್ದ. ಜಾತಿಗಳ ಹುಟ್ಟಿನ ಬಗ್ಗೆ ಅವರು ತಮ್ಮ ಪ್ರಬಂಧ ಓದಿದ್ದು 1916ರ ಮೇ 9ರಂದು, ಗೋಲ್ಡನ್‌ವೈಸರ್‌ನ ಮಾನವಶಾಸ್ತ್ರದ ಗೋಷ್ಠಿಯಲ್ಲಿ. ಅಲ್ಲಿ ಜಾತಿಗೆ ಸಿಕ್ಕ ಜಾಗ ಅದು. ಬುಡಕಟ್ಟು, ಮದುವೆ, ಕುಲಗಳ ಪಕ್ಕದ ಜಾಗ. ಮೂರು ವರ್ಷದೊಳಗೆ ಅವರು ಅದನ್ನು ಅಲ್ಲಿಂದ ಎಬ್ಬಿಸಿಕೊಂಡು ಬಂದರು. 1919ರ ಜನವರಿಯಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಸಾಕ್ಷ್ಯ ಹೇಳುವಾಗ ಅವರಿಗಿನ್ನೂ ಇಪ್ಪತ್ತೇಳು ವರ್ಷ. ಜನರ ಅಭಿಪ್ರಾಯಕ್ಕೆ ಪ್ರಾತಿನಿಧ್ಯ ಸಿಕ್ಕರೆ ಸಾಲದು, ಜನರೇ ಖುದ್ದಾಗಿ ಒಳಗೆ ಕೂರಬೇಕು ಎಂದು ಅಲ್ಲಿ ವಾದಿಸಿದರು. ಇಂಗ್ಲಿಷ್ ಪುಸ್ತಕಗಳ ಪ್ರಾತಿನಿಧ್ಯ ತತ್ವ ಪ್ರಜೆಗಳೆಲ್ಲ ಒಬ್ಬರನ್ನೊಬ್ಬರು ಮುಟ್ಟುವವರು ಎಂದುಕೊಂಡು ಹುಟ್ಟಿದ್ದು. ಮುಟ್ಟಿಸಿಕೊಳ್ಳದ ಸಮಾಜದಲ್ಲಿ ಅದು ಏನಾಗುತ್ತೆ ಎಂಬ ಪ್ರಶ್ನೆಯನ್ನು ಅವರು ಅಲ್ಲಿ ಇಟ್ಟರು. ನಮ್ಮ ರಾಜ್ಯಶಾಸ್ತ್ರ ಶುರುವಾಗುವುದು ಅಲ್ಲಿಂದ ಅಂತ ನನಗನ್ನಿಸುತ್ತದೆ.

ಇನ್ನೊಂದು ಉದಾಹರಣೆ ನೋಡಿ. 1945ರಲ್ಲಿ ಅವರು ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂಬ ಪುಸ್ತಕ ಪ್ರಕಟಿಸಿದರು. ಅಸ್ಪೃಶ್ಯರನ್ನು ನಾವೇ ಪ್ರತಿನಿಧಿಸುತ್ತೇವೆ ಎಂಬ ಕಾಂಗ್ರೆಸ್ಸಿನ ಮಾತನ್ನು ಅವರು ಭಾಷಣದಿಂದ ಎದುರಿಸಲಿಲ್ಲ. 1937ರ ಚುನಾವಣೆಯ ಅಂಕಿಅಂಶ ತೆಗೆದು, 151 ಮೀಸಲು ಸ್ಥಾನಗಳಲ್ಲಿ ಏನಾಯ್ತು, ಗೆದ್ದವನು ಅಸ್ಪೃಶ್ಯರ ಓಟಿನಿಂದ ಗೆದ್ದನೋ ಸವರ್ಣರ ಓಟಿನಿಂದ ಗೆದ್ದನೋ ಎಂದು ಬಿಡಿಸಿ ತೋರಿಸಿದರು. ಇದು ಚುನಾವಣಾ ಅಧ್ಯಯನ. ವರ್ತನಾವಾದ ನಮ್ಮ ದೇಶದ ವಿಭಾಗಗಳಿಗೆ ಇನ್ನೂ ಕಾಲಿಟ್ಟಿರಲಿಲ್ಲ. ಆದರೆ ಸಂಶೋಧನಾ ವಿಧಾನದ ಪೇಪರಿನಲ್ಲಿ ಈ ಪುಸ್ತಕದ ಹೆಸರು ನಾನು ಕೇಳಲಿಲ್ಲ. ಅಂಬೇಡ್ಕರ್ ಇದ್ದದ್ದು 'ಭಾರತೀಯ ರಾಜಕೀಯ ಚಿಂತನೆ'ಯ ಪೇಪರಿನಲ್ಲಿ. ಮನು, ಕೌಟಿಲ್ಯ ಮೊದಲ ಘಟಕ, ಅಂಬೇಡ್ಕರ್ ಕೊನೆಯ ಘಟಕ. ಪಾಠ ಅಷ್ಟರವರೆಗೆ ಬರುವ ಹೊತ್ತಿಗೆ ಪರೀಕ್ಷೆ ಬಂದಿರುತ್ತಿತ್ತು, ಬಿಡಿ. ಊರಿನ ಕೊನೆಗೆ ಕೇರಿ ಇದ್ದ ಹಾಗೆ ಸಿಲಬಸ್ಸು.

ಇನ್ನು ನಮ್ಮ ಸೀಮೆಗೆ ಬರೋಣ. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಉಳಿದು ಅಧ್ಯಯನ ಮಾಡಿದರು. ಆ ಹಳ್ಳಿಗೆ ರಾಮಪುರ ಎಂದು ಹೆಸರಿಟ್ಟರು. ಅವರು ಸಮಾಜಶಾಸ್ತ್ರಜ್ಞರು, ನಿಜ. ಆದರೆ ನಮ್ಮ ರಾಜ್ಯಶಾಸ್ತ್ರ ಜಾತಿಯ ಬಗ್ಗೆ ಮಾತಾಡಲು ಕಲಿತದ್ದು ಅವರ ಪದಗಳಿಂದಲೇ. ಅವರು ಬಿಡಾರ ಹೂಡಿದ್ದು ಊರ ಯಜಮಾನನಿಗೆ ಸೇರಿದ ಎತ್ತಿನ ಮನೆಯಲ್ಲಿ. ತಾನು ಕಂಡದ್ದು ಮೇಲುಜಾತಿಯ ಕಣ್ಣಿಗೆ ಕಂಡ ಊರು ಎಂದು 1976ರ ಪುಸ್ತಕದಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಆ ಪ್ರಾಮಾಣಿಕತೆಗೆ ನನ್ನ ಗೌರವ ಇದೆ. ಅವರ ಪದಗಳನ್ನು ಎತ್ತಿಕೊಂಡು ಹೋದವರು ಮಾತ್ರ ಆ ಒಪ್ಪಿಗೆಯನ್ನು ಅಲ್ಲೇ ಬಿಟ್ಟು ಹೋದರು.

'ವೋಟ್ ಬ್ಯಾಂಕ್' ಎಂಬ ಮಾತಿನ ಗತಿ ನೋಡಿ. 1955ರಲ್ಲಿ ಮೈಸೂರು ಹಳ್ಳಿಯ ಬಗ್ಗೆ ಬರೆಯುತ್ತಾ ಶ್ರೀನಿವಾಸ್ ಇದನ್ನು ಬಳಸಿದರು. ಅಲ್ಲಿ ಅದರ ಅರ್ಥ ಊರಿನ ಧಣಿಯ ಕೈಲಿರುವ ಓಟುಗಳು ಅಂತ. ಜೀತದವರು, ಒಕ್ಕಲುಗಳು, ಸಾಲ ತಿಂದವರು ಅವನು ಹೇಳಿದವರಿಗೆ ಒತ್ತುತ್ತಾರೆ, ಪಾರ್ಟಿಯವರು ಅವನ ಬಾಗಿಲಿಗೆ ಬರುತ್ತಾರೆ. ಅಂದರೆ ಬ್ಯಾಂಕಿನ ಮಾಲೀಕ ಧಣಿ. ಇವತ್ತು ಈ ಮಾತು ಯಾರಿಗೆ ಅಂಟಿದೆ? ದಲಿತರಿಗೆ, ಮುಸ್ಲಿಮರಿಗೆ. ಧಣಿ ಹೇಳಿದಂತೆ ಒತ್ತದೆ ತಾವೇ ಕೂತು ಮಾತಾಡಿ ಒಟ್ಟಾಗಿ ಒತ್ತಿದರೆ ಅದು ವೋಟ್ ಬ್ಯಾಂಕು. ಧಣಿಯ ಜಾತಿಯವರು ಒಟ್ಟಾಗಿ ಒತ್ತಿದರೆ ಅದು 'ಜನಾದೇಶ', 'ಅಲೆ'. ಪದ ತಲೆಕೆಳಗಾಗಿದೆ. ಹೀಗೆ ತಿರುಗಿಸಿದವರು ಪುಢಾರಿಗಳು, ಪತ್ರಿಕೆಯವರು ಎಂದು ಹೇಳಿ ಶಾಸ್ತ್ರ ಕೈ ತೊಳೆದುಕೊಳ್ಳುವಂತಿಲ್ಲ. ತನ್ನ ಮನೆಯ ಪದ ಬೀದಿಯಲ್ಲಿ ಬೈಗುಳವಾಗುತ್ತಿದ್ದಾಗ ಅದು ಪಾಠದೊಳಗೆ ಎದ್ದು ನಿಂತು ಹೇಳಬೇಕಾಗಿತ್ತು. ಬೈಗುಳ ಬಿದ್ದದ್ದು ತನ್ನ ಜನದ ಮೇಲೆ ಆಗಿದ್ದರೆ ಹೇಳುತ್ತಿತ್ತು.

1970ರಲ್ಲಿ ರಜನಿ ಕೊಠಾರಿಯವರು ಸಂಪಾದಿಸಿದ ಜಾತಿ ಮತ್ತು ರಾಜಕಾರಣದ ಸಂಪುಟ ಬಂತು. ಜಾತೀಯತೆ ರಾಜಕಾರಣವನ್ನು ಕೆಡಿಸುತ್ತಿದೆ ಎಂಬ ಗೋಳನ್ನು ಅವರು ಒಪ್ಪಲಿಲ್ಲ. ರಾಜಕಾರಣಕ್ಕೆ ಗುಂಪುಗಳು ಬೇಕು, ಇಲ್ಲಿ ಗುಂಪುಗಳಿರುವುದು ಜಾತಿಯ ರೂಪದಲ್ಲಿ, ಎರಡೂ ಒಂದನ್ನೊಂದು ಬದಲಿಸುತ್ತವೆ ಎಂದರು. ಆ ಕಾಲಕ್ಕೆ ಅದು ದಿಟ್ಟ ಮಾತು. ಮಹಾರ್ ಚಳವಳಿಯ ಮೇಲೆ ಎಲಿನಾರ್ ಝೆಲಿಯಟ್ ಬರೆದ ಒಳ್ಳೆಯ ಲೇಖನವೂ ಅದರಲ್ಲಿದೆ. ಆದರೆ ಆ ಚೌಕಟ್ಟಿನಲ್ಲಿ ಜಾತಿ ಅಂದರೆ ಗುಂಪು, ಗುಂಪು ಅಂದರೆ ಚೌಕಾಸಿ. ಅದಕ್ಕೂ ಎರಡು ವರ್ಷ ಮೊದಲು, 1968ರ ಡಿಸೆಂಬರ್ 25ರಂದು, ತಂಜಾವೂರು ಜಿಲ್ಲೆಯ ಕೀಳ್ವೆಣ್ಮಣಿಯಲ್ಲಿ 44 ಮಂದಿ ದಲಿತರನ್ನು ಗುಡಿಸಲೊಳಗೆ ಕೂಡಿ ಸುಟ್ಟರು. ಕೇಳಿದ್ದು ಕೂಲಿ. ಇದನ್ನು ಯಾವ ಚೌಕಾಸಿ ಎಂದು ಕರೆಯುವುದು? ಗುಂಪು ಗುಂಪಿನ ಜೊತೆ ಮಾತಿಗೆ ಕೂರುವ ಮುಂಚೆ ಒಂದು ಗುಂಪಿಗೆ ಜೀವ ಉಳಿಯಬೇಕಲ್ಲ. ಸಮೀಕ್ಷೆಯ ಫಾರಮ್ಮಿನಲ್ಲಿ ಆ ಪ್ರಶ್ನೆಗೆ ಕಾಲಂ ಇಲ್ಲ.

ಡೇವಿಡ್ ಈಸ್ಟನ್ 1953ರಲ್ಲಿ ಕೊಟ್ಟ ವ್ಯಾಖ್ಯೆಯನ್ನು ನಾವೆಲ್ಲ ಉರು ಹೊಡೆದಿದ್ದೇವೆ: ಸಮಾಜದಲ್ಲಿ ಮೌಲ್ಯಗಳ ಅಧಿಕೃತ ಹಂಚಿಕೆಯೇ ರಾಜಕೀಯ. ಅದನ್ನೇ ಕೇರಿಗೆ ತಂದು ನೋಡಿ. ಕೆರೆ ನೀರು ಯಾರಿಗೆ ಅಂತ ಹಂಚಿದ ಅಧಿಕೃತ ಯಾರು? ಮಹಾಡಿನ ಚವದಾರ್ ಕೆರೆಯನ್ನು ಅಲ್ಲಿನ ಪುರಸಭೆ ಕಾಗದದ ಮೇಲೆ ಎಲ್ಲರಿಗೂ ತೆರೆದಿತ್ತು. ಆದರೂ 1927ರ ಮಾರ್ಚ್ 20ರಂದು ಆ ನೀರು ಮುಟ್ಟಿದವರಿಗೆ ಪೆಟ್ಟು ಬಿತ್ತು. ಪುರಸಭೆಗಿಂತ ಹೆಚ್ಚು ಅಧಿಕೃತವಾದದ್ದು ಒಂದು ಅಲ್ಲಿತ್ತು. ಅದನ್ನು ಪುಸ್ತಕ 'ಸಾಮಾಜಿಕ ಪದ್ಧತಿ' ಅಂತ ಕರೆದು ಪಕ್ಕದ ವಿಭಾಗಕ್ಕೆ ದಾಟಿಸುತ್ತದೆ. ಹಾಗೆ ದಾಟಿಸಿದ್ದರಿಂದಲೇ ರಾಜ್ಯಶಾಸ್ತ್ರ ಮಡಿಯಾಗಿ ಉಳಿದಿದೆ.

ಗೋಪಾಲ್ ಗುರು 2002ರಲ್ಲಿ ಈ ಜಗಳವನ್ನು ನೇರವಾಗಿಯೇ ಎತ್ತಿದರು. ಸಮಾಜವಿಜ್ಞಾನಗಳಲ್ಲಿ ಸಿದ್ಧಾಂತ ಮಾಡುವ ಬ್ರಾಹ್ಮಣರು ಒಂದು ಕಡೆ, ಮಾಹಿತಿ ಕೂಡಿಹಾಕುವ ಶೂದ್ರರು ಇನ್ನೊಂದು ಕಡೆ ಎಂದರು. ದಲಿತರು ಸಿದ್ಧಾಂತಕ್ಕೆ ಕೈ ಹಾಕಲೇಬೇಕು ಎಂದರು. ಎಂ.ಎ. ಓದುವ ನಮ್ಮ ಹುಡುಗಿಗೆ 'ನಿಮ್ಮ ತಾಲ್ಲೂಕಿನ ಎಸ್ಸಿ ಹಾಸ್ಟೆಲ್ ಸ್ಥಿತಿಗತಿ' ಎಂಬ ವಿಷಯವನ್ನೇ ಗೊತ್ತು ಮಾಡುವ, ಸಾರ್ವಭೌಮತೆಯ ಮೇಲೆ ಬರೀತೀನಿ ಅಂದರೆ 'ನಿನಗ್ಯಾಕಮ್ಮ ಅದು' ಎನ್ನುವ ಗೈಡುಗಳನ್ನು ಕಂಡ ನನಗೆ ಗುರು ಅವರ ಮಾತು ಪೂರ್ತಿ ನಿಜ. ನನ್ನ ತಕರಾರು ಇಷ್ಟೆ: ಸಿದ್ಧಾಂತ ಅಂದರೆ ಅವರು ಬರೆಯುವಂಥ ಇಂಗ್ಲಿಷಿನ ಸಿದ್ಧಾಂತವೇ ಆಗಬೇಕಿಲ್ಲ. ದಲಿತ ಸಂಘರ್ಷ ಸಮಿತಿಯವರು ಬಹಿಷ್ಕಾರ, ಕೊಲೆ ನಡೆದ ಹಳ್ಳಿಗಳಿಗೆ ಹೋಗಿ, ಯಾರ ಹೊಲ, ಯಾರ ಬಾವಿ, ಪೊಲೀಸು ಎಷ್ಟು ಹೊತ್ತಿಗೆ ಬಂದ, ಯಾರ ಮನೆಯಲ್ಲಿ ಕಾಫಿ ಕುಡಿದ ಅಂತ ಬರೆದುಕೊಂಡು ಬಂದ ವರದಿಗಳಿದ್ದಾವಲ್ಲ, ರಾಜ್ಯ ಎಂದರೇನು ಎಂಬುದಕ್ಕೆ ಕನ್ನಡದಲ್ಲಿ ಅದಕ್ಕಿಂತ ಹತ್ತಿರದ ಉತ್ತರ ನಾನು ಓದಿಲ್ಲ. ವಿಧಾನವೂ ಇದೆ ಅದರಲ್ಲಿ. ಅವರು ಮೊದಲು ಹೋಗಿ ಕೂರುತ್ತಿದ್ದದ್ದು ಕೇರಿಯಲ್ಲಿ, ಊರ ಯಜಮಾನನ ಮನೆಗೆ ಹೋಗುತ್ತಿದ್ದದ್ದು ಆಮೇಲೆ. ಸೈಕ್ಲೋಸ್ಟೈಲ್ ಮಾಡಿದ ಆ ಹಾಳೆಗಳು, ಕರಪತ್ರಗಳು ಯಾವ ವಿಭಾಗದ ಲೈಬ್ರರಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ನಾನು ಓದಿದವು ಹಳೆಯ ಕಾರ್ಯಕರ್ತರ ಮನೆಯ ಟ್ರಂಕುಗಳಲ್ಲಿದ್ದವು, ಅರ್ಧಕ್ಕರ್ಧ ಗೆದ್ದಲು ತಿಂದಿದ್ದವು. ಉಳಿದರ್ಧವನ್ನು ನಾವು ಮೂರ್ನಾಲ್ಕು ಜನ ಈಗ ನಕಲು ಮಾಡಿಕೊಳ್ಳುತ್ತಿದ್ದೇವೆ. ಇನ್ನಾರ ಮನೆಯಲ್ಲಾದರೂ ಇದ್ದರೆ ತಿಳಿಸಿ.